ಹಾಡು ಬರೆದವನ ಪಾಲು: ವಿಲ್ಲಿ ಡಿಕ್ಸನ್ ಕಥೆ

ಹಾಡು ಹಿಟ್ ಆದರೆ ಹಾಡಿದವರ ಹೆಸರು ಎಲ್ಲರಿಗೂ ಗೊತ್ತಾಗುತ್ತದೆ. ಬರೆದವರು ಯಾರು, ಅವರಿಗೆ ಎಷ್ಟು ಸಿಕ್ಕಿತು ಎಂದು ನಾವು ಕೇಳುವುದು ಕಡಿಮೆ. ಅಮೆರಿಕದ ವಿಲ್ಲಿ ಡಿಕ್ಸನ್ ಅವರ ಬದುಕೆಲ್ಲ ಇದೇ ಲೆಕ್ಕದ ಸುತ್ತ ತಿರುಗಿತು.

ಡಿಕ್ಸನ್ ಹುಟ್ಟಿದ್ದು 1915ರಲ್ಲಿ, ಮಿಸಿಸಿಪ್ಪಿ ರಾಜ್ಯದ ವಿಕ್ಸ್‌ಬರ್ಗ್‌ನಲ್ಲಿ, ಕಪ್ಪು ಜನರ ಮನೆಯಲ್ಲಿ. ತಾಯಿ ಮಾತಿಗೆ ಮಾತು ಪ್ರಾಸ ಕಟ್ಟುವವರು. ಹರೆಯದಲ್ಲಿ ಜೈಲಿನ ಹೊಲಗಳಲ್ಲಿ ದುಡಿಯುವಾಗ ಇವರ ಕಿವಿಗೆ ಬ್ಲೂಸ್ ಬಿತ್ತು. ಹತ್ತಿ ಹೊಲದ ಕೂಲಿಗಳ ನೋವು, ನಗು, ಪ್ರೀತಿ ಎಲ್ಲ ಬೆರೆತ ಹಾಡು ಅದು.

1936ರಲ್ಲಿ ಷಿಕಾಗೋ ಸೇರಿದರು. ಆಳು ದೊಡ್ಡ ಗಾತ್ರ. ಬಾಕ್ಸಿಂಗ್‌ನಲ್ಲಿ ಗೆದ್ದರು, ಆದರೆ ದುಡ್ಡಿನ ವಿಷಯಕ್ಕೆ ಮ್ಯಾನೇಜರ್ ಜೊತೆ ಜಗಳವಾಗಿ ಅದನ್ನು ಬಿಟ್ಟರು. ಗೆಳೆಯನೊಬ್ಬ ತಗಡಿನ ಡಬ್ಬಕ್ಕೆ ಒಂದೇ ತಂತಿ ಕಟ್ಟಿ ವಾದ್ಯ ಮಾಡಿಕೊಟ್ಟ. ಏಕತಾರಿ ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಎರಡನೇ ಮಹಾಯುದ್ಧದಲ್ಲಿ, ಕಪ್ಪು ಜನರನ್ನು ಕೀಳಾಗಿ ಕಾಣುವ ದೇಶಕ್ಕಾಗಿ ಬಂದೂಕು ಹಿಡಿಯಲಾರೆ ಎಂದು ನಿಂತು, ಹತ್ತು ತಿಂಗಳು ಜೈಲಿನಲ್ಲಿದ್ದರು.

ಆಮೇಲೆ ಚೆಸ್ ಎಂಬ ರೆಕಾರ್ಡ್ ಕಂಪನಿ ಸೇರಿದರು. ಹಾಡು ಬರೆಯುವುದು, ವಾದ್ಯದವರನ್ನು ಕೂಡಿಸುವುದು, ಗಾಯಕರಿಗೆ ಕಲಿಸುವುದು, ಬಾಸ್ ನುಡಿಸುವುದು, ರೆಕಾರ್ಡಿಂಗ್ ನೋಡಿಕೊಳ್ಳುವುದು, ಎಲ್ಲವೂ ಇವರ ತಲೆಗೇ. 1954ರಲ್ಲಿ ಮಡ್ಡಿ ವಾಟರ್ಸ್‌ಗೆ ಹೆಸರು ತಂದ ‘ಹೂಚಿ ಕೂಚಿ ಮ್ಯಾನ್’ ಇವರದೇ. ಕ್ಲಬ್ಬಿನ ಬಚ್ಚಲಲ್ಲಿ ನಿಂತು ಅದನ್ನು ಕಲಿಸಿಕೊಟ್ಟರಂತೆ, ವಾಟರ್ಸ್ ಕೂಡಲೇ ವೇದಿಕೆಗೆ ಹೋಗಿ ಹಾಡಿದರಂತೆ!

ಇನ್ನು ದುಡ್ಡಿನ ಮಾತು. ರೆಕಾರ್ಡ್ ಮಾರಾಟವಾದಾಗ, ರೇಡಿಯೋದಲ್ಲಿ ಬಂದಾಗ, ಬರೆದವರಿಗೆ ಒಂದು ಪಾಲು ಬರಬೇಕು. ಇದನ್ನು ರಾಯಲ್ಟಿ ಎನ್ನುತ್ತಾರೆ. ಅದನ್ನು ವಸೂಲಿ ಮಾಡಿ ಕೊಡುವುದು ಪ್ರಕಾಶನ ಸಂಸ್ಥೆಯ ಕೆಲಸ. ಡಿಕ್ಸನ್ ಹಾಡುಗಳ ಪ್ರಕಾಶನ ಸಂಸ್ಥೆ ಆರ್ಕ್. ಅದರಲ್ಲಿ ಚೆಸ್ ಮಾಲೀಕರೂ ಪಾಲುದಾರರು. ಮಾಲು ಕೊಳ್ಳುವವನೇ ತಕ್ಕಡಿ ಹಿಡಿದಂತೆ. 1964ರಲ್ಲಿ ಇವರ ‘ಲಿಟಲ್ ರೆಡ್ ರೂಸ್ಟರ್’ ರೋಲಿಂಗ್ ಸ್ಟೋನ್ಸ್ ತಂಡದ ಬಾಯಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಆದರೂ ತಮ್ಮ ಹಾಡುಗಳ ಹಕ್ಕಿಗಾಗಿ 1970ರ ದಶಕದಲ್ಲಿ ಡಿಕ್ಸನ್ ಆರ್ಕ್ ವಿರುದ್ಧ ಕಾನೂನು ಹೋರಾಟ ಮಾಡಬೇಕಾಯಿತು.

1969ರಲ್ಲಿ ಲೆಡ್ ಜೆಪೆಲಿನ್ ತಂಡದ ‘ಹೋಲ್ ಲಾಟಾ ಲವ್’ ಲೋಕವೆಲ್ಲ ಸದ್ದು ಮಾಡಿತು. ಮಡ್ಡಿ ವಾಟರ್ಸ್‌ಗಾಗಿ ಡಿಕ್ಸನ್ ಬರೆದ ಹಾಡಿಗೂ ಇದಕ್ಕೂ ಇದ್ದ ಹೋಲಿಕೆಯನ್ನು ತಂದೆಗೆ ತೋರಿಸಿದ್ದು ಮಗಳು ಶರ್ಲಿ. 1985ರಲ್ಲಿ ದಾವೆ ಹೂಡಿದರು, 1987ರಲ್ಲಿ ರಾಜಿಯಾಯಿತು. ಈಗ ಆ ಹಾಡಿನಲ್ಲಿ ಡಿಕ್ಸನ್ ಹೆಸರೂ ಇದೆ.

ಬ್ಲೂಸ್ ಊರೊಟ್ಟಿನ ಆಸ್ತಿ, ಡಿಕ್ಸನ್ ಕೂಡ ಹಳೆಯ ಸಾಲುಗಳನ್ನು ಎತ್ತಿಕೊಂಡಿದ್ದಾರೆ ಎನ್ನುವವರಿದ್ದಾರೆ. ಅದು ಸುಳ್ಳಲ್ಲ. ‘ರೆಡ್ ರೂಸ್ಟರ್’ ಬೇರು ಹಳೆಯ ಹಾಡುಗಳಲ್ಲಿದೆ. ಆದರೆ ಊರೊಟ್ಟಿನದು ಎಂದವರು ಅದರ ದುಡ್ಡನ್ನು ಊರಿಗೆ ಹಂಚಲಿಲ್ಲವಲ್ಲ, ನಮ್ಮ ತಕರಾರು ಅಲ್ಲಿದೆ.

ಬಂದ ಹಣದಲ್ಲಿ ಡಿಕ್ಸನ್ ಬ್ಲೂಸ್ ಹೆವನ್ ಎಂಬ ಸಂಸ್ಥೆ ಬೆಳೆಸಿದರು. ಶಾಲೆಗಳಿಗೆ ವಾದ್ಯ ಕೊಡುವುದು, ಹಳೆಯ ಕಲಾವಿದರ ರಾಯಲ್ಟಿ ಬಾಕಿ ಕೊಡಿಸುವುದು ಅದರ ಕೆಲಸ. ಅವರು 1992ರಲ್ಲಿ ತೀರಿಕೊಂಡರು. ಮರುವರ್ಷ ಹೆಂಡತಿ ಮೇರಿ, ಚೆಸ್ ಕಂಪನಿಯ ಹಳೆಯ ಸ್ಟುಡಿಯೋ ಇದ್ದ ಷಿಕಾಗೋದ ಕಟ್ಟಡವನ್ನೇ ಕೊಂಡರು. ಬ್ಲೂಸ್ ಹೆವನ್ ಈಗ ಅಲ್ಲೇ ಇದೆ.