ಲಾಲಾರಸದಲ್ಲಿ ಕಾರ್ಟಿಸಾಲ್: ಅಡ್ರಿನಲ್ ತಪಾಸಣೆಯಲ್ಲಿ ಹೊತ್ತಿನ ಪ್ರಶ್ನೆ

ಅಡ್ರಿನಲ್ ಗ್ರಂಥಿ ಸ್ರವಿಸುವ ಕಾರ್ಟಿಸಾಲಿನ ಶೇ. 90ಕ್ಕೂ ಹೆಚ್ಚು ಪಾಲು ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ. ಜೀವಕೋಶಗಳ ಮೇಲೆ ಕೆಲಸ ಮಾಡುವುದು ಉಳಿದ ಬಿಡಿ ಪಾಲು. ಲಾಲಾರಸಕ್ಕೆ ಇಳಿಯುವುದೂ ಅದೇ. ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜೆನ್ ಈ ಪ್ರೋಟೀನನ್ನು ಹೆಚ್ಚಿಸಿ ರಕ್ತದ ಒಟ್ಟು ಕಾರ್ಟಿಸಾಲನ್ನು ಏರಿಸಿದಾಗಲೂ ಲಾಲಾರಸದ ಅಂಕಿ ಅಷ್ಟಾಗಿ ಕದಲುವುದಿಲ್ಲ. ಪರೀಕ್ಷೆಯ ಬಲ ಇರುವುದು ಇಲ್ಲಿ. ಆದರೆ ಅದು ಏನನ್ನು ಹೇಳಬಲ್ಲದು ಎಂಬುದು ಮಾದರಿ ತೆಗೆದ ಹೊತ್ತನ್ನು ಅವಲಂಬಿಸಿದೆ.

ಆರೋಗ್ಯವಂತರಲ್ಲಿ ಕಾರ್ಟಿಸಾಲ್ ಬೆಳಗ್ಗೆ ಏರಿ ನಡುರಾತ್ರಿಗೆ ತಳ ಮುಟ್ಟುತ್ತದೆ. ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಕಾಯಿಲೆಯಲ್ಲಿ ಈ ರಾತ್ರಿಯ ಇಳಿತವೇ ತಪ್ಪುತ್ತದೆ. ಆದ್ದರಿಂದಲೇ ಎಂಡೋಕ್ರೈನ್ ಸೊಸೈಟಿಯ 2008ರ ಮಾರ್ಗಸೂಚಿ ತಡರಾತ್ರಿಯ ಲಾಲಾರಸ ಪರೀಕ್ಷೆಯನ್ನು, ಕನಿಷ್ಠ ಎರಡು ಸಲ ಮಾಡಬೇಕೆಂಬ ಷರತ್ತಿನೊಂದಿಗೆ, ಆರಂಭಿಕ ತಪಾಸಣೆಗಳಲ್ಲಿ ಒಂದಾಗಿ ಒಪ್ಪಿತು. ರೋಗಿ ಮನೆಯಲ್ಲೇ ಮಲಗುವ ಮುನ್ನ ಹತ್ತಿಯ ಸುರುಳಿಯನ್ನು ಒಂದೆರಡು ನಿಮಿಷ ಬಾಯಲ್ಲಿ ನೆನೆಸಿ ಕೊಳವೆಗೆ ಹಾಕಿದರಾಯಿತು. ಕಾರ್ಟಿಸಾಲನ್ನು ತಾನೇ ಏರಿಸಬಲ್ಲ ಸೂಜಿಯ ಭಯ ಇಲ್ಲಿಲ್ಲ. ಎಚ್ಚರ ಮಾತ್ರ ಬೇಕು. ಆಗಷ್ಟೇ ಹಲ್ಲುಜ್ಜಿ ವಸಡಿನಿಂದ ರಕ್ತ ಜಿನುಗಿದ್ದರೆ, ಬೆರಳಿಗೆ ಹೈಡ್ರೋಕಾರ್ಟಿಸೋನ್ ಮುಲಾಮು ಅಂಟಿದ್ದರೆ ಅಂಕಿ ದಾರಿ ತಪ್ಪಿಸುತ್ತದೆ. ಕೆಮ್ಮಿಗೆಂದು ನಮ್ಮ ಮನೆಗಳಲ್ಲಿ ಚೀಪುವ ಜ್ಯೇಷ್ಠಮಧುವಿನ ಬಗ್ಗೆಯೂ ಕೇಳಲೇಬೇಕು: ಲಾಲಾಗ್ರಂಥಿಯಲ್ಲಿ ಕಾರ್ಟಿಸಾಲನ್ನು ಕಾರ್ಟಿಸೋನ್ ಆಗಿಸುವ ಕಿಣ್ವವನ್ನು ಅದರ ಗ್ಲಿಸಿರೈಜಿಕ್ ಆಮ್ಲ ತಡೆಯುತ್ತದೆ. ರಾತ್ರಿಪಾಳಿಯವರಿಗೆ ಈ ಪರೀಕ್ಷೆ ಹೊಂದುವುದಿಲ್ಲ.

ಕೊರತೆಯ ಪ್ರಶ್ನೆ ಬೇರೆ. ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದ ಕಾಯಿಲೆಯನ್ನು ಖಚಿತಪಡಿಸಲು ಗ್ರಂಥಿಯನ್ನು ಕೆಣಕಿ ನೋಡಬೇಕು. 250 ಮೈಕ್ರೋಗ್ರಾಂ ಕೃತಕ ಎಸಿಟಿಎಚ್ (ಈ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನ್) ಚುಚ್ಚಿ, 30 ಅಥವಾ 60 ನಿಮಿಷದ ಬಳಿಕ ರಕ್ತದ ಕಾರ್ಟಿಸಾಲ್ ಎಷ್ಟು ಏರಿತೆಂದು ಅಳೆಯುವುದು ಇಂದಿಗೂ ಪ್ರಮಾಣ ವಿಧಾನ. ಎದ್ದ ಕೂಡಲೇ ತೆಗೆದ ಲಾಲಾರಸದ ಕಾರ್ಟಿಸೋನ್ ಕುರಿತು ಬ್ರಿಟನ್ನಿನ ಶೆಫೀಲ್ಡಿನಲ್ಲಿ ನಡೆದ ಅಧ್ಯಯನ ಭರವಸೆ ಮೂಡಿಸಿದೆ; ಹಲವರಿಗೆ ಚುಚ್ಚುಮದ್ದಿನ ಪರೀಕ್ಷೆಯನ್ನೇ ತಪ್ಪಿಸಬಹುದು.

ಮಾರುಕಟ್ಟೆ ಹೇಳುವುದೇ ಬೇರೆ. ದಿನಕ್ಕೆ ನಾಲ್ಕು ಸಲ ಲಾಲಾರಸ ತೆಗೆಸಿ 'ಅಡ್ರಿನಲ್ ದಣಿವು' ಎಂಬ ಹಣೆಪಟ್ಟಿ ಹಚ್ಚುವ ಪದ್ಧತಿಯನ್ನು ನಾನು ಒಪ್ಪಲಾರೆ. ಸಂಶೋಧಕರಾದ ಕಾಡೆಜಿಯಾನಿ ಮತ್ತು ಕಾಟರ್ 2016ರಲ್ಲಿ 58 ಅಧ್ಯಯನಗಳನ್ನು ಪರಿಶೀಲಿಸಿ, ಅಂಥದೊಂದು ಕಾಯಿಲೆಗೆ ಆಧಾರವಿಲ್ಲವೆಂದು ತೀರ್ಮಾನಿಸಿದರು. ಈ ಹಣೆಪಟ್ಟಿ ನಂಬಿ ಸ್ಟೀರಾಯ್ಡ್ ನುಂಗಿದರೆ ಚೆನ್ನಾಗಿದ್ದ ಗ್ರಂಥಿಯೇ ಸುಮ್ಮನಾಗಬಹುದು. ಕ್ಷಯದಿಂದಲೂ ಅಡಿಸನ್ ಕಾಯಿಲೆ ಬರುವ ನಮ್ಮ ದೇಶದಲ್ಲಿ, ಸುಸ್ತಿನ ಜೊತೆ ತೂಕ ಇಳಿದು, ರಕ್ತದೊತ್ತಡ ತಗ್ಗಿ, ಅಂಗೈ ಗೆರೆಗಳು ಕಪ್ಪಾದವರಿಗೆ ಮೊದಲು ಆಗಬೇಕಾದದ್ದು ಬೆಳಗ್ಗೆ 8ರ ಸುಮಾರಿಗೆ ರಕ್ತದ ಕಾರ್ಟಿಸಾಲ್ ಮತ್ತು ಎಸಿಟಿಎಚ್ ಪರೀಕ್ಷೆ.