ನೂರು ದನಕ್ಕೆ ಮೂವತ್ತು ಎಕರೆ

ಸರ್ಕಾರದ ಕಂದಾಯ ಕಡತದಲ್ಲಿ ದನಕ್ಕೆ ಒಂದು ಲೆಕ್ಕವಿದೆ. 1966ರ ಕಂದಾಯ ನಿಯಮಗಳ ಪ್ರಕಾರ ಊರಿನ ನೂರು ದನಕ್ಕೆ ಸುಮಾರು 30 ಎಕರೆ ಗೋಮಾಳ ಬಿಡಬೇಕು. ಒಳ್ಳೆಯದೇ, ದನವೂ ಬದುಕಬೇಕು. ಆದರೆ ಕೇರಿಯ ನೂರು ಜನಕ್ಕೆ ಎಷ್ಟು ಎಕರೆ ಅಂತ ಆ ನಿಯಮ ಹೇಳಲಿಲ್ಲ. ದನಕ್ಕೆ ಬಿಟ್ಟು ಮಿಕ್ಕಿದ್ದು 'ಹೆಚ್ಚುವರಿ'. ಆ ಮಿಕ್ಕಿದ್ದರಲ್ಲಿ ನಾವು ಪಾಲು ಕೇಳಬೇಕು.

ಮಿಕ್ಕಿದೆಯೋ ಇಲ್ಲವೋ ಹೇಳುವವರು ಯಾರು? ಹಿಂದೆ ಶಾನುಭೋಗ. 1961ರ ಕಾಯ್ದೆ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳನ್ನು ರದ್ದು ಮಾಡಿತು. ಆಮೇಲೆ ಗ್ರಾಮ ಲೆಕ್ಕಿಗ ಬಂದ. ಅವನ ದನದ ಎಣಿಕೆಯ ಮೇಲೆ ಎಲ್ಲ ನಿಂತಿತ್ತು. ದನ ಹೆಚ್ಚು ಅಂತ ಬರೆದರೆ ಗೋಮಾಳ ಸಾಲದು, ನಿಮ್ಮ ದರಖಾಸ್ತು ವಜಾ. ಕಡಿಮೆ ಅಂತ ಬರೆದರೆ ಅದೇ ಗೋಮಾಳ ಹೆಚ್ಚುವರಿ. ಲೆಕ್ಕ ಬರೆಯುವವನ ಜೊತೆ ಜಗುಲಿ ಮೇಲೆ ಕೂರುವವರು ಯಾರು, ಅಂಗಳದಲ್ಲೇ ನಿಲ್ಲುವವರು ಯಾರು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

1969ರ ಭೂಮಂಜೂರಾತಿ ನಿಯಮಗಳು ಹಂಚುವ ಭೂಮಿಯಲ್ಲಿ ನೂರಕ್ಕೆ 50 ಭಾಗ ಪರಿಶಿಷ್ಟ ಜಾತಿ, ಪಂಗಡಗಳಿಗೆ ಎಂದವು. ಕಾಗದದ ಮೇಲೆ ದೊಡ್ಡ ಮಾತು. ಆದರೆ ಬಹಳ ಊರುಗಳಲ್ಲಿ ಸಿಕ್ಕಿದ್ದು ಕೆರೆ ಕೆಳಗಿನ ಗದ್ದೆಯಲ್ಲ, ಯಾರಿಗೂ ಬೇಡವಾದ ಕಲ್ಲು, ಮುಳ್ಳಿನ ನೆಲ. ನಮ್ಮವರು ಕಲ್ಲು ಆಯ್ದರು, ಮುಳ್ಳು ಕಡಿದರು, ಬದು ಹಾಕಿದರು. ನೆಲ ಹೊಲವಾದ ಮೇಲೆ ಊರಿನ ಕಣ್ಣು ಬಿತ್ತು. ಮಗಳ ಮದುವೆ, ಅಪ್ಪನ ಕಾಯಿಲೆ, ಒಂದು ವರ್ಷದ ಬರ, ಇಷ್ಟು ಸಾಕಲ್ಲ? ಮಂಜೂರಾತಿ ಪತ್ರದಲ್ಲಿ 'ಪರಭಾರೆ ಮಾಡಕೂಡದು' ಅಂತ ಷರತ್ತಿತ್ತು. ಷರತ್ತು ಓದಬಲ್ಲವನು ಕೊಂಡುಕೊಂಡ. ಓದಲಾರದವನು ಹೆಬ್ಬೆಟ್ಟು ಒತ್ತಿದ.

ಈ ಹೆಬ್ಬೆಟ್ಟನ್ನು ಅಳಿಸಲು ಬಂದದ್ದು ದೇವರಾಜ ಅರಸರ ಕಾಲದ 1978ರ ಕಾಯ್ದೆ. ಕಚೇರಿಗಳಲ್ಲಿ ಪಿಟಿಸಿಎಲ್ ಅನ್ನುವುದು ಇದನ್ನೇ. 1979ರ ಜನವರಿ 1ರಿಂದ ಜಾರಿಗೆ ಬಂತು. ಷರತ್ತು ಮುರಿದ ಮಾರಾಟ ಕಾಯ್ದೆಗೆ ಮುಂಚೆಯೇ ನಡೆದಿದ್ದರೂ ಅಸಿಂಧು. ಅಸಿಸ್ಟೆಂಟ್ ಕಮಿಷನರು ಆ ಭೂಮಿ ಬಿಡಿಸಿ ಮಂಜೂರು ಪಡೆದವನಿಗೆ, ಇಲ್ಲವೇ ಅವನ ವಾರಸುದಾರರಿಗೆ ಕೊಡಬೇಕು. ಕೊಂಡವರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಇನ್ನೊಂದು ಕಡೆ, 1991ರಲ್ಲಿ ಬಗರ್ ಹುಕುಂ ಸಕ್ರಮದ ತಿದ್ದುಪಡಿ ಬಂತು. 1990ರ ಏಪ್ರಿಲ್ 14ಕ್ಕೆ ಮುಂಚೆ ಸರ್ಕಾರಿ ಜಮೀನು ಉಳುತ್ತಿದ್ದವರು ಅರ್ಜಿ ಹಾಕಬಹುದಿತ್ತು. ಬಾಬಾಸಾಹೇಬರು ಹುಟ್ಟಿದ ದಿನವನ್ನೇ ಗೆರೆಯಾಗಿ ಎಳೆದರು. ಆದರೆ ಗೆರೆಯ ಈಚೆ ನಿಲ್ಲಲು ಸಾಗುವಳಿಯ ಪುರಾವೆ ಬೇಕಿತ್ತು. ಹಿಂದೆ ಕಟ್ಟಿದ ದಂಡದ ರಸೀದಿಯೂ ಆಸ್ತಿಯಾಯಿತು. ನೇಗಿಲು, ಎತ್ತು, ಧೈರ್ಯ ಇದ್ದವನ ಹತ್ತಿರ ರಸೀದಿ ಇತ್ತು. ಊರಿಗೆ ಹೆದರಿ ಗೋಮಾಳಕ್ಕೆ ಕಾಲಿಡದವನ ಹತ್ತಿರ ಏನಿತ್ತು?

ಅತ್ತ 1978ರ ಕಾಯ್ದೆಯಲ್ಲಿ ಇಂತಿಷ್ಟು ವರ್ಷದೊಳಗೆ ಕೇಳಿ ಅನ್ನುವ ಮಾತಿರಲಿಲ್ಲ. ಆದರೂ 2017ರಲ್ಲಿ ಸುಪ್ರೀಂ ಕೋರ್ಟು, ಸಮಂಜಸವಾದ ಕಾಲದೊಳಗೆ ಕೇಳಬೇಕಿತ್ತು, ತಡವಾಯಿತು ಅಂದಿತು. ಅಕ್ಷರ ತಡವಾಗಿ ಕೊಟ್ಟವರು ಅರ್ಜಿ ಬೇಗ ಕೇಳಿದರು! ಕಾಲಮಿತಿ ಇಲ್ಲವೆಂದು ಶಾಸನಸಭೆ ತಿದ್ದುಪಡಿ ತಂದದ್ದು 2023ರಲ್ಲಿ. ನಡುವಿನ ವರ್ಷಗಳಲ್ಲಿ ತಡವೆಂಬ ಒಂದೇ ಮಾತಿಗೆ ಎಷ್ಟೋ ಅರ್ಜಿಗಳು ಬಿದ್ದುಹೋದವು.

ಆದ್ದರಿಂದ ಗೆಳೆಯರೇ, ಕಾಯ್ದೆ ಬಂತು ಅಂತ ಕೂರುವಂತಿಲ್ಲ. ಹಳ್ಳಿಯಲ್ಲಿ ಪಾಠ ಹೇಳುವ ಮೇಷ್ಟ್ರುಗಳೇ, ರಜಕ್ಕೆ ಊರಿಗೆ ಬರುವ ಹುಡುಗ ಹುಡುಗಿಯರೇ, ನಿಮ್ಮೂರ ಗೋಮಾಳದ ಸರ್ವೆ ನಂಬರು ಹುಡುಕಿ, ಪಹಣಿ ತೆಗೆಸಿ. ಗೋಮಾಳ ಎಷ್ಟಿತ್ತು, ಮಂಜೂರಾದದ್ದು ಯಾರಿಗೆ, ಈಗ ಉಳುತ್ತಿರುವವರು ಯಾರು? ಮೂರು ಸಾಲು ಬರೆದು ಕೇರಿಯಲ್ಲಿ ಗಟ್ಟಿಯಾಗಿ ಓದಿ. ಹೆಬ್ಬೆಟ್ಟು ಒತ್ತಿದ ಅಜ್ಜನಿಗೆ ಅವತ್ತು ಓದಿ ಹೇಳುವವರು ಇರಲಿಲ್ಲ. ಇವತ್ತು ನೀವಿದ್ದೀರಿ.