ಬೇರೆಯವರಿಗೆ ಕಲಿಸಿದ್ದು ಶೇ 90ರಷ್ಟು ನೆನಪಿರುತ್ತದೆಯೇ? ಫಾರ್ವರ್ಡ್, ಟಿಪ್ಪಣಿ ಮತ್ತು ನಮ್ಮ ನೆನಪು

ಈ ಚಿತ್ರ ನಿಮ್ಮ ಫೋನಿಗೂ ಬಂದಿರಬಹುದು. ಬಣ್ಣಬಣ್ಣದ ಒಂದು ತ್ರಿಕೋನ, ಅದರೊಳಗೆ ಅಡ್ಡಪಟ್ಟಿಗಳು. ಪಾಠ ಕೇಳಿದರೆ ಶೇ 5ರಷ್ಟು ನೆನಪಿರುತ್ತದೆ, ಓದಿದರೆ ಶೇ 10, ಚರ್ಚೆ ಮಾಡಿದರೆ ಶೇ 50, ಬೇರೆಯವರಿಗೆ ಕಲಿಸಿದರೆ ಶೇ 90. ಕೆಳಗೆ "ಎಲ್ಲ ಪೋಷಕರಿಗೂ ತಲುಪಿಸಿ" ಎಂಬ ಸಾಲು. ನಮ್ಮ ಫ್ಯಾಮಿಲಿ ಗ್ರೂಪಿಗೆ ಇದು ಕಳೆದ ಎರಡು ವರ್ಷಗಳಲ್ಲಿ ಮೂರು ಸಲ ಬಂದಿದೆ. ಕಳಿಸಿದವರು ಮೂವರೂ ಬೇರೆಬೇರೆ.

ಮೊದಲೇ ಹೇಳಿಬಿಡುತ್ತೇನೆ: ಆ ಅಂಕಿಗಳಿಗೆ ಆಧಾರವಿಲ್ಲ. ಆದರೆ ಚಿತ್ರ ಹೇಳಲು ಹೊರಟ ಮಾತನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕುವಂತೆಯೂ ಇಲ್ಲ. ಕಲಿತದ್ದನ್ನು ಬರೆದಿಟ್ಟುಕೊಂಡು ಬೇರೆಯವರಿಗೆ ಹೇಳುವುದರಿಂದ ಹೇಳಿದವರಿಗೇ ಲಾಭ ಇದೆ ಎಂದು ತೋರಿಸುವ ಪ್ರಯೋಗಗಳಿವೆ. ಅದಕ್ಕೊಂದು ಷರತ್ತೂ ಇದೆ. ಫಾರ್ವರ್ಡ್ ಬಟನ್ ಒತ್ತಿದಾಗ ಆ ಷರತ್ತು ಪೂರೈಸುವುದಿಲ್ಲ.

ಅಂಕಿಗಳು ಎಲ್ಲಿಂದ ಬಂದವು?

ಅಮೆರಿಕದ ಶಿಕ್ಷಣ ತಜ್ಞ ಎಡ್ಗರ್ ಡೇಲ್ 1946ರಲ್ಲಿ ದೃಶ್ಯ-ಶ್ರವ್ಯ ಬೋಧನೆಯ ಬಗ್ಗೆ ಒಂದು ಪುಸ್ತಕ ಬರೆದರು. ಅದರಲ್ಲಿ 'ಅನುಭವದ ಶಂಕು' ಎಂಬ ಚಿತ್ರ ಇತ್ತು. ಕೈಯಾರೆ ಮಾಡುವ ಅನುಭವ ತಳದಲ್ಲಿ, ಬರೀ ಪದಗಳು ತುದಿಯಲ್ಲಿ. ನೆನಪಿನ ಲೆಕ್ಕ ಅದರಲ್ಲಿ ಇರಲೇ ಇಲ್ಲ, ಒಂದು ಶೇಕಡಾವಾರೂ ಇರಲಿಲ್ಲ. 1967ರಲ್ಲಿ ಒಂದು ಪತ್ರಿಕೆಯ ಲೇಖನದಲ್ಲಿ ಇಂಥ ಅಂಕಿಗಳು ಕಾಣಿಸಿಕೊಂಡವು. ಯಾವ ಪ್ರಯೋಗದಲ್ಲಿ, ಯಾರ ಮೇಲೆ ಅಳೆದದ್ದು ಎಂದು ಅಲ್ಲಿ ಹೇಳಿರಲಿಲ್ಲ. ಮುಂದೆ ಯಾರೋ ಆ ಅಂಕಿಗಳನ್ನು ಡೇಲ್ ಅವರ ಚಿತ್ರಕ್ಕೆ ಅಂಟಿಸಿದರು. ತ್ರಿಕೋನದ ಕೆಳಗೆ ಹೆಸರು ಬರುವ ಅಮೆರಿಕದ ತರಬೇತಿ ಸಂಸ್ಥೆಯನ್ನು ಕೇಳಿದವರಿಗೆ, ಮೂಲ ಸಂಶೋಧನೆ ತಮ್ಮ ಬಳಿ ಈಗ ಇಲ್ಲ ಎಂಬ ಉತ್ತರ ಸಿಕ್ಕಿದೆ.

ಅಂಕಿಗಳ ರೂಪವೇ ಅನುಮಾನ ಹುಟ್ಟಿಸಬೇಕಿತ್ತು. ನಿಜವಾಗಿ ಜನರ ನೆನಪನ್ನು ಅಳೆದರೆ 5, 10, 20, 50, 90 ಎಂದು ಅಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಏನನ್ನು ಓದಿದರು, ಮೊದಲೇ ಎಷ್ಟು ಗೊತ್ತಿತ್ತು, ಪರೀಕ್ಷೆ ಒಂದು ಗಂಟೆಯ ನಂತರವೋ ಒಂದು ತಿಂಗಳ ನಂತರವೋ ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತದೆ.

ಕಳಿಸಿದ್ದೆ, ಆದರೆ ಗೊತ್ತಿರಲಿಲ್ಲ

ಈ ವಿಷಯ ನನಗೆ ಬರೀ ಪುಸ್ತಕದ ಮಾತಾಗಿ ಉಳಿಯದಿರಲು ಒಂದು ಕಾರಣ ಇದೆ. ಒಂದು ಮಳೆಗಾಲದಲ್ಲಿ ಅಮ್ಮನ ಊರಿಗೆ ಹೋಗಿದ್ದೆ. ಸಂಜೆ ಅಡಿಕೆ ತೋಟದಿಂದ ಬರುತ್ತಿದ್ದ ಪಕ್ಕದ ಮನೆಯವರ ಕಾಲಿಗೆ ಹಾವು ಕಚ್ಚಿತು. ಅಂಗಳದಲ್ಲಿ ಹತ್ತು ಜನ, ಹತ್ತು ಮಾತು. "ಮೇಲ್ಗಡೆ ಬಿಗಿಯಾಗಿ ಕಟ್ಟು" ಎಂದರು ಒಬ್ಬರು. "ಕಟ್ಟಬಾರ್ದಂತೆ" ಎಂದರು ಇನ್ನೊಬ್ಬರು. ದೊಡ್ಡಮ್ಮ ನನ್ನ ಕಡೆ ತಿರುಗಿ, "ನೀನೇ ಕಳಿಸಿದ್ಯಲ್ಲ ಮೊನ್ನೆ, ಹಾವು ಕಚ್ಚಿದ್ರೆ ಏನು ಮಾಡಬೇಕು ಅಂತ. ಹೇಳು" ಎಂದರು.

ಕಳಿಸಿದ್ದು ನಿಜ. ನಾಲ್ಕು ಗ್ರೂಪಿಗೆ ಕಳಿಸಿದ್ದೆ. ಸ್ಟಾರ್ ಹಾಕಿಟ್ಟಿದ್ದೆ ಕೂಡ. ಕಟ್ಟಬೇಕೋ ಕಟ್ಟಬಾರದೋ ಎಂಬುದೊಂದು ನೆನಪಿಗೆ ಬರಲಿಲ್ಲ. ತೋಟದ ಅಂಚಿನಲ್ಲಿ ನೆಟ್‌ವರ್ಕ್ ಇಲ್ಲ. ನಾನು ಸ್ಕ್ರೋಲ್ ಮಾಡುತ್ತಿರುವಾಗಲೇ ಯಾರೋ ಟವಲು ಬಿಗಿದಾಗಿತ್ತು. ಅವರನ್ನು ಆಸ್ಪತ್ರೆಗೆ ಸೇರಿಸಿದರು, ಗುಣವಾಗಿ ಮನೆಗೂ ಬಂದರು. ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ.

ಆಮೇಲೆ ಗೊತ್ತಾದದ್ದು, ಇದಕ್ಕೂ ಸಂಶೋಧನೆ ಇದೆ ಎಂದು. 2022ರಲ್ಲಿ ಪ್ರಕಟವಾದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನವೊಂದು ತೋರಿಸಿದ್ದು ಇದನ್ನೇ: ಒಂದು ಲೇಖನವನ್ನು ಶೇರ್ ಮಾಡಿದವರಿಗೆ ಆ ವಿಷಯ ತಮಗೆ ಚೆನ್ನಾಗಿ ಗೊತ್ತು ಎಂಬ ಭಾವನೆ ಹೆಚ್ಚುತ್ತದೆ. ಲೇಖನವನ್ನು ಓದದೆ ಶೇರ್ ಮಾಡಿದ್ದರೂ ಹೆಚ್ಚುತ್ತದೆ. ಫೋಟೊ ತೆಗೆದಿಟ್ಟುಕೊಳ್ಳುವುದರ ಕಥೆಯೂ ಸುಮಾರಾಗಿ ಹೀಗೇ. ಲಿಂಡಾ ಹೆಂಕೆಲ್ ಎಂಬ ಮನೋವಿಜ್ಞಾನಿ ವಿದ್ಯಾರ್ಥಿಗಳನ್ನು ಒಂದು ಮ್ಯೂಸಿಯಂಗೆ ಕರೆದೊಯ್ದು, ಕೆಲವು ವಸ್ತುಗಳನ್ನು ನೋಡಲು, ಕೆಲವನ್ನು ಫೋಟೊ ತೆಗೆಯಲು ಹೇಳಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಫೋಟೊ ತೆಗೆದವುಗಳ ನೆನಪು ಮರುದಿನ ಕಡಿಮೆ ಇತ್ತು. ಒಂದು ಭಾಗವನ್ನು ಜೂಮ್ ಮಾಡಿ ತೆಗೆದಾಗ ಮಾತ್ರ ಆ ನಷ್ಟ ಕಾಣಲಿಲ್ಲ. ಜೂಮ್ ಮಾಡಲು ಗಮನವಿಟ್ಟು ನೋಡಲೇಬೇಕಲ್ಲ.

'ಒಂದೇ ದಿನದಲ್ಲಿ ಮೂರನೇ ಎರಡು ಭಾಗ ಮರೆತುಹೋಗುತ್ತದೆ' ಎಂಬ ಇನ್ನೊಂದು ಫಾರ್ವರ್ಡ್ ಬಗ್ಗೆಯೂ ಒಂದು ಮಾತು. ಇದರ ಹಿಂದೆ ನಿಜವಾದ ಪ್ರಯೋಗ ಇದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ್ದು. ಆದರೆ ಅವರು ಪ್ರಯೋಗ ಮಾಡಿದ್ದು ಒಬ್ಬರ ಮೇಲೆ, ಅಂದರೆ ತಮ್ಮ ಮೇಲೇ. ಕಲಿತದ್ದು ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು. ಮೊದಲು ಬೇಗ, ಆಮೇಲೆ ನಿಧಾನವಾಗಿ ಮರೆಯುತ್ತೇವೆ ಎಂಬ ಆಕಾರ ಸರಿ. 2015ರಲ್ಲಿ ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗಲೂ ಹೆಚ್ಚುಕಡಿಮೆ ಹಾಗೇ ಬಂತು. ಆದರೆ ಅರ್ಥವಿಲ್ಲದ ಉಚ್ಚಾರಗಳ ಅಂಕಿಯನ್ನು ನಿಮ್ಮ ಮಗಳ ಸಮಾಜ ವಿಜ್ಞಾನದ ಪಾಠಕ್ಕೆ ಹಚ್ಚಲಾಗದು.

ಪೆನ್ನೋ, ಫೋನೋ?

'ಕೈಯಲ್ಲಿ ಬರೆದರೆ ಮಾತ್ರ ನೆನಪಿರುತ್ತದೆ' ಎಂಬುದನ್ನು ನೀವು ಓದಿರಬಹುದು. 2014ರಲ್ಲಿ ಮುಲ್ಲರ್ ಮತ್ತು ಒಪನ್‌ಹೈಮರ್ ಎಂಬ ಸಂಶೋಧಕರು ಲ್ಯಾಪ್‌ಟಾಪ್‌ನಲ್ಲಿ ನೋಟ್ಸ್ ಮಾಡಿಕೊಂಡವರನ್ನೂ ಕೈಯಲ್ಲಿ ಬರೆದವರನ್ನೂ ಹೋಲಿಸಿದರು. ಟೈಪ್ ಮಾಡಿದವರು ಹೇಳಿದ್ದನ್ನು ಹಾಗೆಹಾಗೇ ಹೆಚ್ಚು ಇಳಿಸಿಕೊಂಡಿದ್ದರು. ಅರ್ಥ ಮಾಡಿಕೊಂಡು ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು. ಈ ಸುದ್ದಿ ಎಲ್ಲ ಕಡೆ ಓಡಾಡಿತು. 2019 ಮತ್ತು 2021ರಲ್ಲಿ ಬೇರೆಯವರು ಇದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಅಂಕಗಳಲ್ಲಿ ಅಂಥ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ. ಆ ಸುದ್ದಿ ಅಷ್ಟು ಓಡಾಡಲಿಲ್ಲ.

ಆದ್ದರಿಂದ ಚಂದದ ಡೈರಿ ಕೊಳ್ಳುವವರೆಗೆ ಕಾಯಬೇಕಿಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂಭಾಗವಾದರೂ ಆದೀತು. ವಾಟ್ಸಾಪ್‌ನಲ್ಲಿ ನಿಮ್ಮ ನಂಬರಿಗೆ ನೀವೇ ಮೆಸೇಜ್ ಮಾಡಿಕೊಳ್ಳುವ ಸೌಲಭ್ಯ 2022ರ ಕೊನೆಯಿಂದ ಇದೆ, ಅದೂ ಸಾಕು. ಎಲ್ಲಿ ಬರೆದಿರಿ ಎಂಬುದಕ್ಕಿಂತ, ಬರೆಯುವಾಗ ಮೂಲದ ವಾಕ್ಯವನ್ನು ಕಾಪಿ ಮಾಡಿದಿರೋ ನಿಮ್ಮ ಮಾತಿನಲ್ಲಿ ಹೇಳಿಕೊಂಡಿರೋ ಎಂಬುದನ್ನು ನೋಡಿಕೊಳ್ಳಿ.

ಟಿಪ್ಪಣಿಯಲ್ಲಿ ನಾನು ಬಿಡದೆ ಬರೆಯುವುದು ಇನ್ನೂ ಎರಡು: ಎಲ್ಲಿ ಓದಿದೆ, ಯಾವ ತಾರೀಕು. ಇದರ ಜೊತೆ ಚಾರ್ಲ್ಸ್ ಡಾರ್ವಿನ್ ಅವರ ಒಂದು ಅಭ್ಯಾಸವನ್ನೂ ಎರವಲು ಪಡೆದಿದ್ದೇನೆ. ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿ ಕಣ್ಣಿಗೆ ಬಿದ್ದ ಕೂಡಲೇ ಬರೆದಿಡುತ್ತಿದ್ದೆ, ಯಾಕೆಂದರೆ ಅಂಥವು ಅನುಕೂಲದ ಸಂಗತಿಗಳಿಗಿಂತ ಬೇಗ ಮರೆತುಹೋಗುತ್ತವೆ ಎಂದು ಅವರು ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾರೆ. ಫಾರ್ವರ್ಡ್‌ಗಳ ವಿಷಯದಲ್ಲಿ ನಮ್ಮ ಮನಸ್ಸು ಮಾಡುವುದೂ ಇದನ್ನೇ. ನಮಗೆ ಒಪ್ಪುವ ಮೆಸೇಜ್ ಎಲ್ಲರಿಗೂ ಹೋಗುತ್ತದೆ, ಒಪ್ಪದ್ದು ಅಲ್ಲೇ ಉಳಿಯುತ್ತದೆ.

ನೋಡದೆ ಹೇಳುವುದು

ಈಗ ಮೊದಲು ಹೇಳಿದ ಷರತ್ತಿಗೆ ಬರೋಣ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿಗಳಲ್ಲಿ ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು: ಶೇ 83, ನೋಡದೆ ಬರೆದವರು ಶೇ 71. ಒಂದು ವಾರದ ನಂತರ ಲೆಕ್ಕ ತಿರುಗಿಬಿತ್ತು. ಓದಿದವರಿಗೆ ನೆನಪಿದ್ದದ್ದು ಶೇ 40, ನೋಡದೆ ಬರೆದವರಿಗೆ ಶೇ 61. ಇಂಥ ಫಲಿತಾಂಶ ಬೇರೆಬೇರೆ ಕಡೆ ಮತ್ತೆ ಮತ್ತೆ ಬಂದಿದೆ. ಪರೀಕ್ಷೆಯ ಹಿಂದಿನ ರಾತ್ರಿ 'ಎಲ್ಲ ಬರುತ್ತೆ' ಎನ್ನಿಸಿ, ವಾರ ಕಳೆದರೆ ಏನೂ ಉಳಿದಿರದ ನಮ್ಮ ಅನುಭವಕ್ಕೂ ಇದು ಹೊಂದುತ್ತದೆ.

ಬೇರೆಯವರಿಗೆ ಹೇಳುವಾಗ ಆಗುವುದೂ ಬಹುಪಾಲು ಇದೇ, ತಲೆಯೊಳಗಿಂದ ಹೊರಗೆ ತೆಗೆಯುವ ಕೆಲಸ. ಸಿಂಗಪುರದ ಸಂಶೋಧಕರು 2018ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಕೆಲವರು ಕಲಿತ ಪಾಠವನ್ನು ಟಿಪ್ಪಣಿ ನೋಡದೆ ಹೇಳಿಕೊಟ್ಟರು, ಕೆಲವರು ಬರೆದಿಟ್ಟದ್ದನ್ನು ನೋಡಿಕೊಂಡು ಹೇಳಿಕೊಟ್ಟರು. ಒಂದು ವಾರದ ನಂತರ ಲಾಭ ಕಂಡದ್ದು ನೋಡದೆ ಹೇಳಿದವರಲ್ಲಿ. ನೋಡಿಕೊಂಡು ಹೇಳಿದವರಿಗೆ ಅಂಥ ಲಾಭ ಕಾಣಲಿಲ್ಲ. ಹಾಗಾದರೆ ಮೆಸೇಜನ್ನು ಮುಂದೆ ತಳ್ಳುವುದು? ಅಲ್ಲಿ ನೋಡಿಕೊಂಡು ಹೇಳುವಷ್ಟು ಶ್ರಮವೂ ಇಲ್ಲ.

ಪ್ರಶ್ನೆ ಕೇಳುವವರು ಬೇಕು

ಊರಿಂದ ಬಂದ ಮೇಲೆ ಹಾವು ಕಡಿತದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ಸರ್ಕಾರದ ಚಿಕಿತ್ಸಾ ಮಾರ್ಗಸೂಚಿಗಳನ್ನು ಓದಿದೆ. ಅವನ್ನು ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದೆ, ಮತ್ತೆ ತೆಗೆದು ತಾಳೆ ನೋಡಿದೆ. ಉಳಿದದ್ದು ಇಷ್ಟು:

"ಬಿಗಿಯಾಗಿ ಕಟ್ಟಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಗೆಜ್ಜೆ, ಬಳೆ ತೆಗೆಯಿರಿ, ಆ ಜಾಗ ಊದಿಕೊಳ್ಳುತ್ತದೆ. ಮೂಳೆ ಮುರಿದಾಗ ಮಾಡುವಂತೆ ಕೋಲಿನ ಆಸರೆ ಕೊಟ್ಟು ಕಾಲು ಅಲ್ಲಾಡದ ಹಾಗೆ ನೋಡಿಕೊಳ್ಳಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. 108ಕ್ಕೆ ಫೋನ್ ಮಾಡಿ, ಹಾವಿನ ವಿಷಕ್ಕೆ ಇಂಜೆಕ್ಷನ್ ಇರುವ ಆಸ್ಪತ್ರೆಗೆ ನೇರ ಹೋಗಿ."

ಇದನ್ನು ಗ್ರೂಪಿಗೆ ಹಾಕುವ ಬದಲು ದೊಡ್ಡಮ್ಮನಿಗೆ ಫೋನ್ ಮಾಡಿ, ಕಾಗದ ನೋಡದೆ ಹೇಳಿದೆ. ಅವರು ಸುಮ್ಮನೆ ಹೂಂಗುಟ್ಟುವವರಲ್ಲ. "ಕಟ್ಟದಿದ್ರೆ ವಿಷ ಮೇಲೆ ಏರಲ್ವಾ?" ಎಂದು ಕೇಳಿದರು. ಉತ್ತರ ನನ್ನ ಬಳಿ ಇರಲಿಲ್ಲ. 'ಕಟ್ಟಬಾರದು' ಎಂದು ಗೊತ್ತಿತ್ತು, ಯಾಕೆಂದು ಗೊತ್ತಿರಲಿಲ್ಲ. ಇದು ನನ್ನೊಬ್ಬಳ ಕೊರತೆಯಲ್ಲ ಎನ್ನುವುದು ಸ್ವಲ್ಪ ಸಮಾಧಾನ. 2002ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಜಿಪ್ಪು, ಬೀಗ, ಫ್ಲಶ್ ಮುಂತಾದವು ಹೇಗೆ ಕೆಲಸ ಮಾಡುತ್ತವೆ ಎಂದು ತಮಗೆ ಗೊತ್ತಿದೆ ಎಂದಿದ್ದವರು, ಹಂತಹಂತವಾಗಿ ವಿವರಿಸಲು ಹೋದಾಗ ತಮಗೆ ತಾವೇ ಕೊಟ್ಟುಕೊಂಡಿದ್ದ ಅಂಕ ಇಳಿಸಿಕೊಂಡರು.

ಮತ್ತೆ ಓದಿದೆ. ವಿಷ ಹೆಚ್ಚಾಗಿ ಹರಡುವುದು ದುಗ್ಧನಾಳಗಳ ಮೂಲಕ, ಸ್ನಾಯು ಅಲ್ಲಾಡಿದಷ್ಟೂ ಅದು ಬೇಗ ಸಾಗುತ್ತದೆ. ಆದ್ದರಿಂದಲೇ ಅಲುಗಾಡಿಸಬಾರದು ಎನ್ನುವುದು. ಹಗ್ಗ ಬಿಗಿದರೆ ರಕ್ತ ನಿಂತು ಕಾಲಿಗೇ ಅಪಾಯ. ಎರಡನೇ ಸಲ ಫೋನ್ ಮಾಡಿದಾಗ ಇನ್ನೂ ಎರಡು ಪ್ರಶ್ನೆ ಬಂದವು. "ಯಾರೋ ಆಗ್ಲೇ ಕಟ್ಟಿಬಿಟ್ಟಿದ್ರೆ? ಯಾವ ಹಾವು ಅಂತ ಗೊತ್ತಿಲ್ದಿದ್ರೆ?" ನಮ್ಮ ಅಂಗಳದಲ್ಲಿ ಆದದ್ದು ಇವೆರಡೇ, ಆದರೂ ನನ್ನ ಟಿಪ್ಪಣಿಯಲ್ಲಿ ಇವು ಇರಲಿಲ್ಲ. ಬಿಗಿದ ಕಟ್ಟನ್ನು ದಾರಿಯಲ್ಲಿ ದಿಢೀರನೆ ಬಿಚ್ಚಿದರೆ ತಡೆದಿದ್ದ ವಿಷ ಒಮ್ಮೆಲೇ ನುಗ್ಗಬಹುದು, ಆಸ್ಪತ್ರೆಯಲ್ಲಿ ವೈದ್ಯರ ಎದುರು ಬಿಚ್ಚಬೇಕು. ಹಾವನ್ನು ಹುಡುಕಿ ಹಿಡಿದು ತರಬೇಕಾಗಿಲ್ಲ. ನಮ್ಮ ದೇಶದಲ್ಲಿ ಕೊಡುವ ಪ್ರತಿವಿಷದ ಇಂಜೆಕ್ಷನ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಹಲ್ಲಿನ ಗುರುತು ಕಾಣಲಿಲ್ಲ, ನೋವಿಲ್ಲ ಎಂದು ಮನೆಯಲ್ಲೇ ಕೂರುವಂತಿಲ್ಲ. ಕಟ್ಟುಹಾವಿನ ಕಡಿತ ಹೆಚ್ಚು ನೋವಿಲ್ಲದೆಯೂ ಇರಬಹುದು.

ಅಂದರೆ ಆ ಟಿಪ್ಪಣಿಯ ಅರ್ಧ ನಾನು ಬರೆದದ್ದು, ಇನ್ನರ್ಧ ದೊಡ್ಡಮ್ಮನ ಪ್ರಶ್ನೆಗಳಿಂದ ಬಂದದ್ದು. ಸಂವಹನ ಓದುವಾಗ 'ಫೀಡ್‌ಬ್ಯಾಕ್' ಎಂಬ ಪದವನ್ನು ಎಷ್ಟೋ ಪರೀಕ್ಷೆಗಳಲ್ಲಿ ಬರೆದಿದ್ದೆ, ಅರ್ಥವಾದದ್ದು ಈ ಫೋನಿನಲ್ಲಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಮ್ಮ ಮಾತಿನಲ್ಲಿ ಬರೆದಾಗ ತಪ್ಪೂ ನುಸುಳುತ್ತದೆ, ಮತ್ತು ನಮ್ಮವರು ಬರೆದದ್ದು ಎಂದು ಜನ ಅದನ್ನು ಬೇಗ ನಂಬುತ್ತಾರೆ. ವಾಟ್ಸಾಪ್‌ನಲ್ಲಿ ಕಳಿಸಿದ ಮೆಸೇಜನ್ನು ತಿದ್ದಲು ಸಿಗುವುದು 15 ನಿಮಿಷ. ಅಷ್ಟರಲ್ಲಿ ಬೇರೆಯವರು ಅದನ್ನು ಮುಂದೆ ಕಳಿಸಿದ್ದರೆ ನೀವು ತಿದ್ದಿದ್ದು ಆ ಪ್ರತಿಗೆ ತಲುಪುವುದಿಲ್ಲ. ಔಷಧಿ, ಚಿಕಿತ್ಸೆ, ಪ್ರಥಮ ಚಿಕಿತ್ಸೆಯ ಟಿಪ್ಪಣಿಯಾದರೆ ಗ್ರೂಪಿಗೆ ಹೋಗುವ ಮುನ್ನ ಗೊತ್ತಿರುವ ವೈದ್ಯರೋ ನರ್ಸೋ ಒಮ್ಮೆ ಓದಲಿ. ನಾನು ತೋರಿಸಿದ ವೈದ್ಯರು ಒಂದು ಸಾಲು ಸೇರಿಸಿದರು: ಆಸ್ಪತ್ರೆಗೆ ಹೊರಡುವಾಗಲೇ ಫೋನ್ ಮಾಡಿ, ಇಂಜೆಕ್ಷನ್ ಇದೆಯೇ ಎಂದು ಕೇಳಿಕೊಳ್ಳಿ.

ಈಗ ಆ ಟಿಪ್ಪಣಿ ಅಮ್ಮನ ಊರಿನ ಮನೆಯಲ್ಲಿ, ಟಾರ್ಚ್ ನೇತುಹಾಕುವ ಮೊಳೆಯ ಪಕ್ಕ ಅಂಟಿದೆ. ದೊಡ್ಡಮ್ಮನ ಅಕ್ಷರದಲ್ಲಿದೆ. ಹತ್ತಿರದ ತಾಲ್ಲೂಕು ಆಸ್ಪತ್ರೆಯ ನಂಬರನ್ನು ಅವರೇ ಕೆಳಗೆ ಬರೆದಿದ್ದಾರೆ. ನಾನು ಅದನ್ನು ಬರೆಯುವುದನ್ನೇ ಮರೆತಿದ್ದೆ.